ಚಲಿಸುವ ನೋಟದಿಂದ ದಾರಿ ಹಿಡಿಯುವ ಮಿದುಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಡ್ರೈವರ್‌ಗಳು, ಮೇಷ್ಟ್ರುಗಳು, ತೋಟದವರು, ಕಾಲೇಜು ವಿದ್ಯಾರ್ಥಿಗಳು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಬಿಗಿಯಾದದ್ದು ಆಮೇಲೆ. ಬರೀ ರಸ್ತೆಯ ವಿಚಾರ ಬೇಕಿದ್ದವರು ನೇರ ಎರಡನೇ ಭಾಗಕ್ಕೆ ಹೋಗಬಹುದು.

### ಬುಡದಿಂದ

ನಡೀವಾಗ ಮರಗಿಡ ಎಲ್ಲ ಹಿಂದಕ್ಕೆ ಓಡಿದ ಹಾಗೆ ಕಾಣುತ್ತಲ್ಲ, ಅದರಿಂದ ಮಿದುಳಿಗೆ ಏನು ಲಾಭ?

ನೀವು ಮುಂದೆ ಸಾಗುವಾಗ ಕಣ್ಣಿನ ಒಳಪರದೆಯ ಮೇಲೆ ಇಡೀ ದೃಶ್ಯ ಹಿಗ್ಗುತ್ತಾ ಹೋಗುತ್ತದೆ. ಎಡಗಡೆಯದು ಎಡಕ್ಕೆ ಸರಿಯುತ್ತದೆ, ಬಲಗಡೆಯದು ಬಲಕ್ಕೆ, ರಸ್ತೆ ಕೆಳಕ್ಕೆ, ತಲೆ ಮೇಲಿನ ಕೊಂಬೆ ಮೇಲಕ್ಕೆ. ಈ ಒಟ್ಟು ಚಲನೆಯನ್ನು ಇಲ್ಲಿ ದೃಶ್ಯಹರಿವು ಎಂದು ಕರೆಯುತ್ತೇವೆ. ಈ ಹರಿವಿನ ನಡುವೆ ಒಂದು ಬಿಂದು ಮಾತ್ರ ಅಲುಗುವುದಿಲ್ಲ, ಮಿಕ್ಕಿದ್ದೆಲ್ಲ ಅಲ್ಲಿಂದಲೇ ಹೊರಟಂತೆ ಕಾಣುತ್ತದೆ. ನೇರ ಹೋಗುತ್ತಿರುವಾಗ ಆ ಬಿಂದು ಇರುವ ಕಡೆಗೇ ನೀವು ಹೋಗುತ್ತಿದ್ದೀರಿ.

ಇದನ್ನು ಮೊದಲು ಗಟ್ಟಿಯಾಗಿ ಹಿಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಅಲ್ಲಿನ ವಾಯುಪಡೆಗೆ ಪೈಲಟ್‌ಗಳನ್ನು ಆರಿಸುವ ಕೆಲಸದಲ್ಲಿದ್ದರು. ವಿಮಾನ ಇಳಿಸುವವನು ದೂರವನ್ನು ಅಳೆದು ಲೆಕ್ಕ ಹಾಕುವುದಿಲ್ಲ, ರನ್‌ವೇ ಹೇಗೆ ಹಿಗ್ಗುತ್ತದೆ ಎನ್ನುವುದನ್ನೇ ನೋಡಿ ಇಳಿಸುತ್ತಾನೆ ಎಂಬ ವಿಚಾರವನ್ನು 1950ರಲ್ಲಿ ವಿವರವಾಗಿ ಮಂಡಿಸಿದರು. ಆಮೇಲೆ 1988ರಲ್ಲಿ ವಿಲಿಯಂ ವಾರನ್ ಮತ್ತು ಜೊತೆಗಾರರು ಪರದೆಯ ಮೇಲೆ ಬರೀ ಚುಕ್ಕೆಗಳನ್ನು ಹರಿಸಿ, ಎತ್ತ ಹೋಗುತ್ತಿದ್ದೀರಿ ಎಂದು ಜನರನ್ನು ಕೇಳಿದರು. ಉತ್ತರ ಸುಮಾರು 1 ಡಿಗ್ರಿಯಷ್ಟು ನಿಖರವಾಗಿತ್ತು. 50 ಮೀಟರ್ ಮುಂದೆ 1 ಡಿಗ್ರಿ ಎಂದರೆ ಒಂದು ಮೀಟರಿಗಿಂತ ಕಡಿಮೆ. ಬಾಗಿಲು, ಕಾಲುಸಂಕ, ಗೇಟು ದಾಟಲು ಅಷ್ಟು ಸಾಕು.

ಹರಿವಿನಿಂದ ಸಿಗುವುದು ಮುಖ್ಯವಾಗಿ ಮೂರು: ದಿಕ್ಕು, ವೇಗ, ಎದುರಿನದು ಮುಟ್ಟಲು ಉಳಿದ ಸಮಯ. ಆದರೆ ಅದು ಹುಟ್ಟಬೇಕಾದರೆ ಬೆಳಕು ಬೇಕು, ಹತ್ತಿರದಲ್ಲಿ ವಸ್ತುಗಳಿರಬೇಕು, ಅವು ಹಿನ್ನೆಲೆಯಿಂದ ಎದ್ದು ಕಾಣಬೇಕು. ಮುಂದಿನ ಹೆಚ್ಚಿನ ಪ್ರಶ್ನೆಗಳು ಈ ಮೂರರಲ್ಲಿ ಒಂದು ಕೈಕೊಟ್ಟಾಗ ಏನಾಗುತ್ತದೆ ಎಂಬುದರ ಸುತ್ತಲೇ ಇವೆ.

ಬಸ್ಸಲ್ಲಿ ಕೂತರೆ ಪಕ್ಕದ ಸಿಲ್ವರ್ ಓಕ್ ಹಾರಿಹೋಗುತ್ತೆ, ಮುಳ್ಳಯ್ಯನಗಿರಿ ಮಾತ್ರ ಜೊತೆಗೇ ಬರುತ್ತೆ. ಯಾಕೆ?

ಲೆಕ್ಕ ಸುಲಭ. ಪಕ್ಕಕ್ಕೆ ನೇರ ನೋಡಿದಾಗ ಒಂದು ವಸ್ತು ಎಷ್ಟು ಬೇಗ ಸರಿಯುತ್ತದೆ ಎನ್ನುವುದು ನಿಮ್ಮ ವೇಗವನ್ನು ಅದರ ದೂರದಿಂದ ಭಾಗಿಸಿದಷ್ಟು. ಬಸ್ಸು ಗಂಟೆಗೆ 60 ಕಿ.ಮೀ. ಓಡುತ್ತಿದ್ದರೆ 3 ಮೀಟರ್ ದೂರದ ಮರ ಸೆಕೆಂಡಿಗೆ ಸುಮಾರು 320 ಡಿಗ್ರಿ ವೇಗದಲ್ಲಿ ಸರಿಯುತ್ತದೆ. 5 ಕಿ.ಮೀ. ದೂರದ ಬೆಟ್ಟ ಸರಿಯುವುದು ಸೆಕೆಂಡಿಗೆ 0.2 ಡಿಗ್ರಿ ಮಾತ್ರ. ಮಿದುಳು ಈ ವ್ಯತ್ಯಾಸವನ್ನು ಉಲ್ಟಾ ಓದಿ, ಬೇಗ ಸರಿದದ್ದು ಹತ್ತಿರ, ನಿಧಾನ ಸರಿದದ್ದು ದೂರ ಎಂದು ಆಳ ಗುರುತಿಸುತ್ತದೆ. ಒಂದೇ ಕಣ್ಣಿದ್ದವರೂ ದೂರ ಅಂದಾಜು ಮಾಡುವುದರಲ್ಲಿ ಇದರ ಪಾಲು ದೊಡ್ಡದು.

ಕಿಟಕಿ ಪಕ್ಕ ಕೂತವರ ಕಣ್ಣನ್ನೊಮ್ಮೆ ಗಮನಿಸಿ. ಗುಡ್ಡೆ ಒಂದು ಮರವನ್ನು ಹಿಡಿದು ಸ್ವಲ್ಪ ದೂರ ಹಿಂಬಾಲಿಸಿ, ತಟ್ಟನೆ ಮುಂದಕ್ಕೆ ಜಿಗಿದು ಇನ್ನೊಂದನ್ನು ಹಿಡಿಯುತ್ತದೆ. ಅದನ್ನು ಅವರು ಬೇಕೆಂದು ಮಾಡುತ್ತಿಲ್ಲ. ಚಿತ್ರ ಕಲಸದಿರಲಿ ಎಂದು ಮಿದುಳಿನ ಕೆಳಭಾಗ ತಾನಾಗಿ ನಡೆಸುವ ಕೆಲಸ ಅದು.

ಶಾಲೆಯಲ್ಲಿ ಮಕ್ಕಳಿಗೆ ಇದನ್ನ ಮಾಡಿ ತೋರಿಸೋದು ಹೇಗೆ, ಖರ್ಚಿಲ್ಲದೆ?

ಒಂದು ಮೊಬೈಲು, ಒಂದು ಲ್ಯಾಪ್‌ಟಾಪು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮಾರ್ಕರ್ ಪೆನ್ನು, ಸ್ಕೇಲು ಸಾಕು. ಮೊಬೈಲನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಲುಗದಂತೆ ಕೂರಿಸಿ. ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ಸೌಲಭ್ಯವನ್ನು ಆಫ್ ಮಾಡಬೇಕು. ಅದು ಆನ್ ಇದ್ದರೆ ಅಳೆಯಬೇಕಾದ ಹರಿವನ್ನೇ ಸಾಫ್ಟ್‌ವೇರ್ ಅಳಿಸಿಹಾಕುತ್ತದೆ, ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ನೇರ ರಸ್ತೆಯಲ್ಲಿ 25 ಕಿ.ಮೀ. ವೇಗದಲ್ಲಿ ಬೇರೊಬ್ಬರು ಗಾಡಿ ಓಡಿಸುವಾಗ 10 ಸೆಕೆಂಡ್ ವಿಡಿಯೊ ತೆಗೆಯಿರಿ.

ಸೆಕೆಂಡಿಗೆ 30 ಚಿತ್ರಗಳ ವಿಡಿಯೊ ಆಗಿದ್ದರೆ 10 ಚಿತ್ರಗಳ ಅಂತರದ ಎರಡನ್ನು ಆರಿಸಿ. ಅಷ್ಟರಲ್ಲಿ ಕಾರು ಎರಡೂಕಾಲು ಮೀಟರಿನಷ್ಟು ಮುಂದೆ ಹೋಗಿರುತ್ತದೆ. ಹಾಳೆಯನ್ನು ಲ್ಯಾಪ್‌ಟಾಪಿನ ಪರದೆಗೆ ಅಂಟಿಸಿ, ಮೊದಲ ಚಿತ್ರದಲ್ಲಿ ಕಂಬದ ಬುಡ, ಕಲ್ಲು, ಬೇಲಿಯ ಮೂಲೆ ಹೀಗೆ ಹದಿನೈದು ಕಡೆ ಚುಕ್ಕಿ ಇಡಿ. ಎರಡನೇ ಚಿತ್ರದಲ್ಲಿ ಅವೇ ಜಾಗಗಳನ್ನು ಹುಡುಕಿ ಬಾಣ ಎಳೆಯಿರಿ. ಬಾಣಗಳನ್ನು ಸ್ಕೇಲಿನಿಂದ ಹಿಂದಕ್ಕೆ ಬೆಳೆಸಿದರೆ ಎಲ್ಲವೂ ಒಂದು ಸಣ್ಣ ಜಾಗದಲ್ಲಿ ಸೇರುತ್ತವೆ. ಕಾರು ಹೋಗುತ್ತಿರುವುದು ಅಲ್ಲಿಗೆ.

ಸೇರದಿದ್ದರೆ ಚಲಿಸುವ ವಸ್ತುವಿಗೆ ಚುಕ್ಕಿ ಇಟ್ಟಿರಬಹುದು (ದನ, ಸ್ಕೂಟರ್), ತೀರಾ ದೂರದ್ದನ್ನು ಆರಿಸಿರಬಹುದು, ಅಥವಾ ರಸ್ತೆ ತಿರುಗುತ್ತಿರಬಹುದು. ಕೊನೆಯದನ್ನು ಬೇಕೆಂದೇ ಇನ್ನೊಮ್ಮೆ ಮಾಡಿಸಿ. ತಿರುವಿನಲ್ಲಿ ಬಾಣಗಳು ಯಾಕೆ ಒಂದೆಡೆ ಕೂಡುವುದಿಲ್ಲ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ನಡೆಯುತ್ತಾ ಕೈಯಲ್ಲಿ ಹಿಡಿದು ತೆಗೆದ ವಿಡಿಯೊ ಇದಕ್ಕೆ ಆಗುವುದಿಲ್ಲ, ಹೆಜ್ಜೆಯ ಕುಲುಕಾಟ ಎಲ್ಲವನ್ನೂ ಕೆಡಿಸುತ್ತದೆ.

ಅರಸೀಕೆರೆ ಸ್ಟೇಷನ್ನಲ್ಲಿ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟ ಹಾಗೆ ಅನ್ನಿಸೋದು ಭ್ರಮೆನಾ?

ಭ್ರಮೆಯೇ, ಆದರೆ ಮಿದುಳಿನ ದೋಷ ಎನ್ನಲಾಗದು. ಕಿವಿಯ ಒಳಗಿನ ಸಮತೋಲನದ ಅಂಗಕ್ಕೆ ತಿಳಿಯುವುದು ವೇಗದ ಬದಲಾವಣೆ ಮಾತ್ರ. ಒಂದೇ ಸಮ ಓಡುವ ರೈಲೂ ನಿಂತ ರೈಲೂ ಅದಕ್ಕೆ ಒಂದೇ. ರೈಲು ಮೆಲ್ಲಗೆ ಹೊರಟರೂ ಅದು ಸುಮ್ಮನಿರುತ್ತದೆ. ಆಗ ತೀರ್ಪು ಕೊಡುವುದು ಕಣ್ಣು. ನೋಟದ ತುಂಬ ಒಂದೇ ಕಡೆಗೆ ಹರಿವು ಬಂದರೆ, ಲೋಕವೆಲ್ಲ ಓಡಿತು ಅನ್ನುವುದಕ್ಕಿಂತ ನಾನು ಓಡಿದೆ ಅನ್ನುವುದೇ ಹೆಚ್ಚು ಸಲ ನಿಜವಾಗಿರುತ್ತದೆ. 1973ರಲ್ಲಿ ಜರ್ಮನಿಯ ಬ್ರಾಂಟ್, ಡಿಷ್‌ಗನ್ಸ್, ಕೋನಿಗ್ ಇದನ್ನು ತಿರುಗುವ ಪಟ್ಟೆಗಳ ಪೀಪಾಯಿಯೊಳಗೆ ಜನರನ್ನು ಕೂರಿಸಿ ಪರೀಕ್ಷಿಸಿದರು. ನೋಟದ ಅಂಚಿನಲ್ಲಿ ಬರುವ ಹರಿವಿಗೇ ಪ್ರಭಾವ ಜಾಸ್ತಿ ಎಂದು ಕಂಡಿತು.

ಬಸ್ ನಿಲ್ದಾಣದಲ್ಲಿ ಪಕ್ಕದ ಬಸ್ಸು ರಿವರ್ಸ್ ಬಂದಾಗ ನಿಂತ ಬಸ್ಸಿನ ಡ್ರೈವರ್ ಗಾಬರಿಯಾಗಿ ಬ್ರೇಕ್ ತುಳಿಯುವುದೂ ಇದಕ್ಕೇ. ಇನ್ನೊಂದು ಬದಿಯ ಕಂಬವನ್ನೋ ನೆಲವನ್ನೋ ನೋಡಿದರೆ ಭ್ರಮೆ ತಕ್ಷಣ ತೊಲಗುತ್ತದೆ.

ಕಲ್ಹತ್ತಿ ಫಾಲ್ಸ್ ನೋಡ್ತಾ ಇದ್ದು ಪಕ್ಕದ ಬಂಡೆ ನೋಡಿದ್ರೆ ಬಂಡೆ ಮೇಲಕ್ಕೆ ಹೋಗುತ್ತೆ! ಇದಕ್ಕೂ ಡ್ರೈವಿಂಗಿಗೂ ಸಂಬಂಧ ಇದೆಯಾ?

ಇದೆ. ಕೆಳಕ್ಕೆ ಬೀಳುವ ಚಲನೆಗೆ ಸ್ಪಂದಿಸುವ ನರಕೋಶಗಳು ಅರ್ಧ ನಿಮಿಷ, ಒಂದು ನಿಮಿಷ ದುಡಿದು ಮಂಕಾಗುತ್ತವೆ. ಆಮೇಲೆ ನಿಂತ ಬಂಡೆಯನ್ನು ನೋಡಿದಾಗ ಮೇಲ್ಮುಖದ ಕೋಶಗಳ ಕೈ ಮೇಲಾಗುತ್ತದೆ. ಸ್ಕಾಟ್‌ಲೆಂಡಿನ ಫಾಯರ್ಸ್ ಜಲಪಾತದಲ್ಲಿ ಇದನ್ನು ಕಂಡ ರಾಬರ್ಟ್ ಆಡಮ್ಸ್ 1834ರಲ್ಲೇ ಬರೆದಿಟ್ಟರು.

ನೆಲಮಂಗಲದಿಂದ ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದೇ ಸಮ 90ರಲ್ಲಿ ಬಂದವರಿಗೆ ಹಾಸನದ ಸರ್ವಿಸ್ ರಸ್ತೆಗೆ ಇಳಿದಾಗ 60 ಕೂಡ ತೆವಳಿದಂತೆ ಅನ್ನಿಸುತ್ತದೆ. ಅದೂ ಇದೇ ಮಂಕು. ಊರು ಹೊಕ್ಕ ಮೊದಲ ಕೆಲವು ನಿಮಿಷ ವೇಗವನ್ನು ಮೀಟರಿನಲ್ಲೇ ನೋಡಬೇಕು, ಅಂದಾಜನ್ನು ನಂಬಬಾರದು. ಊರಿನ ಮೊದಲು ರಸ್ತೆಗೆ ಅಡ್ಡಲಾಗಿ ಎಳೆಯುವ ಪಟ್ಟೆಗಳನ್ನು ಬರಬರುತ್ತಾ ಹತ್ತಿರ ಮಾಡಿದರೆ ಹರಿವು ಹೆಚ್ಚಿದಂತೆ ಕಂಡು ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಈ ಉಪಾಯವನ್ನು 1970ರ ದಶಕದಲ್ಲೇ ವೃತ್ತಗಳ ಮುಂದೆ ಪ್ರಯೋಗಿಸಿದ್ದರು.

### ರಸ್ತೆಯ ಮೇಲೆ

ಮಂಜಲ್ಲಿ ಗಾಡಿ ನಿಧಾನ ಹೋದ ಹಾಗೆ ಅನ್ನಿಸಿ ಜಾಸ್ತಿ ಒತ್ತುತ್ತೀವಿ ಅಂತ ಓದಿದ್ದೆ. ಚಾರ್ಮಾಡಿಯಲ್ಲಿ ನಮಗೆ ಉಲ್ಟಾ ಅನುಭವ. ಯಾವುದು ಸರಿ?

ಎರಡೂ ಸರಿ. ಮಂಜು ಹೊರಗಿದೆಯೋ ಗಾಜಿನ ಮೇಲಿದೆಯೋ ಎಂಬುದರ ಮೇಲೆ ಉತ್ತರ ನಿಂತಿದೆ.

ಮಸುಕಾದ ಪಟ್ಟೆ ಸ್ಪಷ್ಟ ಪಟ್ಟೆಗಿಂತ ನಿಧಾನವಾಗಿ ಚಲಿಸಿದಂತೆ ಕಾಣುತ್ತದೆ ಎಂದು ಪೀಟರ್ ಥಾಂಪ್ಸನ್ 1982ರಲ್ಲಿ ತೋರಿಸಿದ್ದರು. 1998ರಲ್ಲಿ ಸ್ನೋಡನ್ ಮತ್ತು ಜೊತೆಗಾರರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಅದನ್ನೇ ಕಂಡರು. ಮಂಜು ಹೆಚ್ಚಿದಂತೆ ಜನ ವೇಗ ಹೆಚ್ಚಿಸಿದರು. ನೀವು ಓದಿದ್ದು ಇದನ್ನೇ ಇರಬೇಕು. ಆದರೆ 2012ರಲ್ಲಿ ಪ್ರೆಟ್ಟೊ ಮತ್ತು ಸಂಗಡಿಗರು ಆಕ್ಷೇಪ ಎತ್ತಿದರು: ಹಿಂದಿನ ಪ್ರಯೋಗಗಳಲ್ಲಿ ಇಡೀ ಚಿತ್ರವನ್ನು ಒಂದೇ ಸಮ ಮಸುಕು ಮಾಡಲಾಗಿತ್ತು, ನಿಜವಾದ ಮಂಜು ಹಾಗಿರುವುದಿಲ್ಲ. ಘಾಟಿಯ ಮಂಜಿನಲ್ಲಿ ಬಾನೆಟ್ಟಿನ ಮುಂದಿನ ಹತ್ತು ಮೀಟರ್ ಟಾರು ಸಾಕಷ್ಟು ಕಾಣುತ್ತದೆ, ದೂರದ್ದು ಮಾತ್ರ ಮಾಯವಾಗುತ್ತದೆ. ಹತ್ತಿರದ ನೆಲ ಕಣ್ಣಿನಲ್ಲಿ ರಭಸದಿಂದ ಹರಿಯುತ್ತದೆ, ದೂರದ್ದು ನಿಧಾನ. ನಿಧಾನದ್ದು ಅಳಿಸಿಹೋಗಿ ರಭಸದ್ದಷ್ಟೇ ಉಳಿದರೆ ಒಟ್ಟು ಅಂದಾಜು ಮೇಲಕ್ಕೆ ಹೋಗುತ್ತದೆ. ಅವರು ದೂರಕ್ಕೆ ತಕ್ಕಂತೆ ದಟ್ಟವಾಗುವ ಮಂಜನ್ನು ಹಾಕಿದಾಗ ಜನ ವೇಗ ಹೆಚ್ಚೆಂದು ಭಾವಿಸಿ ನಿಧಾನ ಮಾಡಿದರು.

ಹಾಗಾಗಿ ಮಲೆನಾಡಿನ ಮಳೆಗಾಲದಲ್ಲಿ ನಾವು ಹೆಚ್ಚು ಹೆದರಬೇಕಾದ್ದು ಗಾಜಿನ ಒಳಗಡೆ ಕೂರುವ ಹಬೆಗೆ. ಅದು ಹತ್ತಿರ ದೂರ ಎನ್ನದೆ ಎಲ್ಲವನ್ನೂ ಸಮನಾಗಿ ಮಸುಕು ಮಾಡುತ್ತದೆ. ಗಾಡಿ ನಿಧಾನವಾಗಿದೆ ಎಂಬ ಸುಳ್ಳು ಭರವಸೆ ಹುಟ್ಟುವುದು ಇಲ್ಲಿ. ಎ.ಸಿ. ಆನ್ ಮಾಡಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಾಳಿಯೇ ಸುತ್ತುವ ಬಟನ್ನಿನಿಂದ ಹೊರಗಾಳಿಗೆ ಬದಲಿಸಿ. ಎ.ಸಿ. ಇಲ್ಲದ ಜೀಪಾದರೆ ಎರಡೂ ಕಿಟಕಿ ಒಂದೆರಡು ಇಂಚು ಇಳಿಸಿ. ಗಾಜಿನ ಒಳಮೈಗೆ ಕೂತ ಎಣ್ಣೆಜಿಡ್ಡನ್ನು ಹೊರಡುವ ಮೊದಲೇ ಒಣಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ದಾರಿಯಲ್ಲಿ ಅಂಗೈಯಿಂದ ಒರೆಸಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ. ಹೊರಗಿನ ಮಂಜಿಗೆ ಲೈಟು ಡಿಮ್‌ನಲ್ಲೇ ಇರಲಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಇನ್ನು, ಎಷ್ಟು ವೇಗ ಸರಿ? ಭಾರತದ ರಸ್ತೆ ವಿನ್ಯಾಸದ ಮಾನದಂಡದಲ್ಲಿ ಗಾಡಿ ನಿಲ್ಲಲು ಬೇಕಾದ ದೂರ 30 ಕಿ.ಮೀ. ವೇಗಕ್ಕೆ 30 ಮೀಟರ್, 40ಕ್ಕೆ 45, 60ಕ್ಕೆ 80. ಇದನ್ನು ಸಮಯಕ್ಕೆ ಇಳಿಸಿದರೆ ಬಳಸುವುದು ಸುಲಭ. ಮಂಜಿನಿಂದ ಒಂದು ಕಲ್ಲೋ ತಡೆಗೋಡೆಯೋ ಹೊರಬಂದ ಕ್ಷಣದಿಂದ ಅದರ ಪಕ್ಕ ತಲುಪುವವರೆಗೆ ನಿಧಾನವಾಗಿ ನಾಲ್ಕು ಸೆಕೆಂಡ್ (60ರಲ್ಲಾದರೆ ಐದು) ಎಣಿಸಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು. ಬಾಬಾಬುಡನ್‌ಗಿರಿಯ ರಸ್ತೆಯಂಥ ಕಿರಿದಾದ ಕಡೆ ಎದುರಿನವನಿಗೂ ನಿಲ್ಲಲು ಜಾಗ ಬೇಕಾದ್ದರಿಂದ ಅದರ ಎರಡರಷ್ಟು ಇರಬೇಕು. ಇಳಿಜಾರಾದರೆ ಇನ್ನೂ ಸ್ವಲ್ಪ ಸೇರಿಸಿ.

ಕಾರು ಬಿಟ್ಟು ಲಾರಿ ಹತ್ತಿದ ಮೇಲೆ ಸ್ಪೀಡೇ ಗೊತ್ತಾಗ್ತಿಲ್ಲ ಸರ್. ಸೀಟು ಎತ್ತರ ಆಗಿದ್ದಕ್ಕಾ?

ಹೌದು. ನೆಲ ಎಷ್ಟು ಬೇಗ ಹರಿಯುತ್ತದೆ ಎನ್ನುವುದು ವೇಗವನ್ನು ಕಣ್ಣಿನ ಎತ್ತರದಿಂದ ಭಾಗಿಸಿದಷ್ಟು. ಕಾರಿನಲ್ಲಿ ಕಣ್ಣು ರಸ್ತೆಯಿಂದ ಸುಮಾರು 1.2 ಮೀಟರ್ ಮೇಲಿರುತ್ತದೆ. 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹದಿನಾಲ್ಕು ಕಣ್ಣೆತ್ತರದಷ್ಟು ನೆಲ ಹಿಂದೆ ಹೋಗುತ್ತದೆ. ಕಣ್ಣು 2.4 ಮೀಟರ್ ಮೇಲೇರಿದರೆ ಅದೇ ವೇಗಕ್ಕೆ ಏಳು ಮಾತ್ರ. ಹಳೆಯ ಲೆಕ್ಕಕ್ಕೆ ಒಗ್ಗಿದ ಮಿದುಳು ಅದನ್ನು 30 ಎಂದು ಓದಬಹುದು. ಹೊಸ ಎತ್ತರಕ್ಕೆ ಕಣ್ಣು ಒಗ್ಗುವವರೆಗೆ ಮೀಟರನ್ನು ಆಗಾಗ ನೋಡುವುದೇ ದಾರಿ. ಲಾರಿ ಬಿಟ್ಟು ತಗ್ಗಿನ ಕಾರಿಗೆ ಇಳಿದವರಿಗೆ ಇದರ ಉಲ್ಟಾ ಆಗುತ್ತದೆ, ಅದರಿಂದ ಅಪಾಯ ಕಡಿಮೆ.

ಶಿರಾಡಿ ತಿರುವುಗಳಲ್ಲಿ ಕಣ್ಣು ಎಲ್ಲಿರಬೇಕು?

ಮೈಕೆಲ್ ಲ್ಯಾಂಡ್ ಮತ್ತು ಡೇವಿಡ್ ಲೀ 1994ರಲ್ಲಿ ಡ್ರೈವರ್‌ಗಳ ನೋಟವನ್ನು ದಾಖಲಿಸಿದಾಗ, ತಿರುವಿಗೆ ಹೊಕ್ಕುವ ಒಂದೆರಡು ಸೆಕೆಂಡ್ ಮೊದಲೇ ಕಣ್ಣು ತಿರುವಿನ ಒಳ ಅಂಚು ಉಬ್ಬಿ ನಿಂತಂತೆ ಕಾಣುವ ಜಾಗಕ್ಕೆ ಹೋಗುತ್ತಿತ್ತು. ಎಡತಿರುವಿನಲ್ಲಿ ಅದು ರಸ್ತೆಯ ಎಡ ಅಂಚು, ಬಲತಿರುವಿನಲ್ಲಿ ನಡುಗೆರೆ. ಗಾಡಿಯ ಮೂತಿಗೂ ಆ ಜಾಗಕ್ಕೂ ನಡುವಿನ ಕೋನ ತಿರುವು ಎಷ್ಟು ಬಿಗಿ ಎಂದು ಹೇಳಿಬಿಡುತ್ತದೆ. ಕಣ್ಣು ನೋಡಬೇಕಾದ್ದು ಆ ಅಂಚನ್ನೋ, ಮುಂದೆ ಹಾಯಬೇಕಾದ ಜಾಗವನ್ನೋ ಎಂಬ ವಾದ ಸಂಶೋಧಕರಲ್ಲಿ ಮುಗಿದಿಲ್ಲ. ಓಡಿಸುವವರಿಗೆ ಎರಡರಿಂದಲೂ ಸಿಗುವ ಪಾಠ ಒಂದೇ: ನೋಟ ಒಂದೆರಡು ಸೆಕೆಂಡ್ ಮುಂದಿರಲಿ. ಮಂಜಿನಲ್ಲಿ ಬಾನೆಟ್ಟಿನ ಬುಡವನ್ನೇ ನೋಡಿ ಓಡಿಸುವವರ ಸ್ಟೀರಿಂಗ್ ಚೂರುಚೂರಾಗಿ ಆಚೀಚೆ ಆಡುವುದು ದೂರದ ಸುಳಿವು ಸಿಗದ್ದರಿಂದ.

ಅಂಚನ್ನು ನೋಡಿ ಅಂದರೆ ಅಂಚಿಗೆ ಹೋಗಿ ಅಂತಲ್ಲ. ಕೈ ಕಣ್ಣಿನ ಹಿಂದೆ ಹೋಗುವ ಚಾಳಿಯದ್ದು. ಬೈಕಿನವರು ಗುಂಡಿಯನ್ನೇ ದುರುಗುಟ್ಟಿ ನೋಡಿ ಅದರೊಳಗೇ ಇಳಿಸುವುದೂ ಇದೇ ಕಾರಣಕ್ಕೆ. ಗುಂಡಿ ಕಂಡ ಮೇಲೆ ಕಣ್ಣು ಅದರ ಪಕ್ಕದ ಒಳ್ಳೆಯ ಟಾರಿಗೆ ಹೋಗಬೇಕು.

ಮಗಳಿಗೆ ಘಾಟಿ ಹತ್ತಿದ ಕೂಡಲೇ ವಾಂತಿ. ಡ್ರೈವರಿಗೆ ಮಾತ್ರ ಏನೂ ಆಗಲ್ಲವಲ್ಲ?

ಹಿಂದಿನ ಸೀಟಿನ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು. ಕಣ್ಣು ಏನೂ ಅಲುಗುತ್ತಿಲ್ಲ ಎನ್ನುತ್ತದೆ, ಕಿವಿಯೊಳಗಿನ ಅಂಗ ಎಡ ಬಲ ಹೊಯ್ದಾಡುತ್ತಿದ್ದೇವೆ ಎನ್ನುತ್ತದೆ. ಈ ಜಗಳವೇ ವಾಂತಿಯ ಮೂಲ ಎಂಬ ವಿವರಣೆಯನ್ನು ರೀಸನ್ ಮತ್ತು ಬ್ರಾಂಡ್ 1975ರಲ್ಲಿ ಕೊಟ್ಟರು, ಇಂದಿಗೂ ಅದೇ ಮುಖ್ಯ ವಿವರಣೆ. ಡ್ರೈವರಿಗೆ ತಿರುವು ಮೊದಲೇ ಗೊತ್ತು, ತಿರುಗಿಸುವವನೂ ಅವನೇ. ಮಿದುಳು ಊಹಿಸಿದ್ದೂ ಆದದ್ದೂ ತಾಳೆಯಾಗುತ್ತವೆ. ಹೊಯ್ದಾಟಗಳಲ್ಲೂ ಐದು ಸೆಕೆಂಡಿಗೊಮ್ಮೆ ಬರುವ ನಿಧಾನದ ಹೊಯ್ದಾಟ ಅತಿ ಕೆಟ್ಟದ್ದು ಎಂದು ಪ್ರಯೋಗಗಳಲ್ಲಿ ಕಂಡಿದೆ. ಒಂದರ ಹಿಂದೊಂದು ತಿರುವು ಕೊಡುವುದೂ ಹೆಚ್ಚುಕಡಿಮೆ ಅಂಥದ್ದೇ.

ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ, ಏಳರಿಂದ ಹನ್ನೆರಡರವರೆಗೆ ಜೋರು. ಬಸ್ಸಾದರೆ ಮುಂದಿನ ಸಾಲಿನಲ್ಲಿ, ರಸ್ತೆ ಕಾಣುವ ಹಾಗೆ ಕೂರಿಸಿ. ಹಿಂದಿನ ಚಕ್ರದಾಚೆಯ ಸೀಟು ಬೇಡ. ತಲೆ ಸೀಟಿಗೆ ಒರಗಿರಲಿ, ಕಣ್ಣು ದೂರದ ರಸ್ತೆಯ ಮೇಲಿರಲಿ. ಪಕ್ಕದ ಕಿಟಕಿಯಲ್ಲಿ ಹತ್ತಿರದ ಮರ ನೋಡುವುದರಿಂದ ಉಪಕಾರವಿಲ್ಲ. ಮೊಬೈಲು ಕೊಟ್ಟು ಸುಮ್ಮನಿರಿಸಿದರೆ ಕೊಟ್ಟಿಗೆಹಾರ ದಾಟುವುದರೊಳಗೆ ಫಲ ಸಿಗುತ್ತದೆ. ಏನೂ ಆಗದಿದ್ದರೆ ಕಣ್ಣು ಮುಚ್ಚಿ ಮಲಗಲಿ, ಜಗಳದಲ್ಲಿ ಒಂದು ಕಡೆಯ ಬಾಯಿ ಮುಚ್ಚಿದಂತೆ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಮೊದಲೇ ಕೊಡಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಕೆಲಸಕ್ಕೆ ಬಾರದು.

ಎದುರಿಂದ ಬರೋ ಬೈಕು ಇನ್ನೂ ದೂರ ಇದೆ ಅಂದ್ಕೊಂಡು ದಾಟಿದರೆ ಮೈಮೇಲೇ ಬಂದಿರುತ್ತೆ. ಮಕ್ಕಳಿಗಂತೂ ಗೊತ್ತೇ ಆಗಲ್ಲ.

ಎದುರಿನ ವಸ್ತು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂದು ತಿಳಿಯಲು ಅದರ ದೂರವೂ ಬೇಡ, ವೇಗವೂ ಬೇಡ. ಕಣ್ಣಿನಲ್ಲಿ ಅದರ ಗಾತ್ರವನ್ನು, ಆ ಗಾತ್ರ ಹಿಗ್ಗುವ ವೇಗದಿಂದ ಭಾಗಿಸಿದರೆ ಉಳಿದ ಸಮಯ ಬರುತ್ತದೆ. ಡೇವಿಡ್ ಲೀ 1976ರಲ್ಲಿ ಬ್ರೇಕ್ ಹಾಕುವುದನ್ನು ಹೀಗೇ ವಿವರಿಸಿದರು. ತೊಡಕಿರುವುದು ಹಿಗ್ಗುವುದು ಕಣ್ಣಿಗೆ ತಿಳಿಯುವುದರಲ್ಲಿ. ಸೆಕೆಂಡಿಗೆ ಸುಮಾರು 0.003 ರೇಡಿಯನ್ (ಅಂದರೆ ಸುಮಾರು 0.17 ಡಿಗ್ರಿ) ದಾಟುವವರೆಗೆ ವಯಸ್ಕರಿಗೂ ಅದು ಗೊತ್ತಾಗುವುದಿಲ್ಲ.

ಈ ಮಿತಿಯನ್ನು ಹಾಕಿ ನೋಡಿ. 72 ಕಿ.ಮೀ. ವೇಗದಲ್ಲಿ ಬರುವ, ಎರಡೂವರೆ ಮೀಟರ್ ಅಗಲದ ಲಾರಿ ಹಿಗ್ಗುವುದು ತಿಳಿಯುವುದು ಸುಮಾರು 130 ಮೀಟರ್ ದೂರದಲ್ಲಿ, ಆರೂವರೆ ಸೆಕೆಂಡ್ ಮೊದಲು. ಅದೇ ವೇಗದ, ಮುಕ್ಕಾಲು ಮೀಟರಿಗೂ ಕಿರಿದಾದ ಬೈಕು ತಿಳಿಯುವುದು 70 ಮೀಟರ್ ಒಳಗೆ ಬಂದ ಮೇಲೆ, ಮೂರೂವರೆ ಸೆಕೆಂಡ್ ಮೊದಲು. ಎರಡು ಪಥ ದಾಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮಕ್ಕಳ ಮಿತಿ ಇನ್ನೂ ಒರಟು. ಬ್ರಿಟನ್ನಿನ ಜಾನ್ ವಾನ್ ಮತ್ತು ಜೊತೆಗಾರರು 2011ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿ, ಗಂಟೆಗೆ 32 ಕಿ.ಮೀ. ಮೀರಿದ ವಾಹನ ಹತ್ತಿರ ಬರುತ್ತಿರುವುದು ಅವರಿಗೆ ತಿಳಿಯದೇ ಹೋಗಬಹುದು ಎಂದರು. ಕಾರಣ ಅಜಾಗರೂಕತೆಯಲ್ಲ, ಕಣ್ಣಿಗೆ ಕಾಣದ್ದು. ಆದ್ದರಿಂದ ಮಗುವಿಗೆ "ಗಾಡಿ ದೂರ ಇದ್ರೆ ದಾಟು" ಎಂದು ಹೇಳಿಕೊಡಬೇಡಿ. "ಗಾಡಿ ಕಾಣ್ತಾ ಇದ್ರೆ ದಾಟಬೇಡ" ಎನ್ನಿ. ಶಾಲೆಯ ಮುಂದೆ ವೇಗ 30ಕ್ಕೆ ಇಳಿಸಿ ಎಂದು ಪಂಚಾಯಿತಿಗೆ ಅರ್ಜಿ ಬರೆಯುವವರು ಈ ಅಂಕಿಯನ್ನು ಧಾರಾಳವಾಗಿ ಬಳಸಬಹುದು.

ಸಕಲೇಶಪುರ ಕಡೆ ರಾತ್ರಿ ರಸ್ತೆಯಲ್ಲೇ ನಿಂತ ಆನೆ ಹತ್ತಿರ ಹೋಗೋವರೆಗೆ ಕಾಣಲ್ಲ. ಅಷ್ಟು ದೊಡ್ಡದು!

ದೊಡ್ಡದಾದರೇನು, ಅದು ನಿಂತಿರುವುದು ಹರಿವಿನ ನಡುವಿನ ಅಲುಗದ ಜಾಗದಲ್ಲೇ. ಪಕ್ಕದ ಮರದಂತೆ ಸರಿದು ಗಮನ ಸೆಳೆಯುವುದಿಲ್ಲ. ಬಣ್ಣ ಕತ್ತಲೆಗೆ ಬೆರೆತಿರುವುದರಿಂದ ಅಂಚುಗಳೂ ಕಾಣವು, ಅಂಚಿಲ್ಲದೆ ಹಿಗ್ಗುವಿಕೆ ತಿಳಿಯದು.

ಇನ್ನೊಂದು ಮೋಸವಿದೆ. ಸ್ಟೀರಿಂಗ್ ಹಿಡಿಯಲು ಬೇಕಾದ ಅಂಚಿನ ನೋಟ ಮಂದ ಬೆಳಕಿನಲ್ಲೂ ಚೆನ್ನಾಗಿಯೇ ಉಳಿಯುತ್ತದೆ. ಎದುರಿನದು ಏನೆಂದು ಗುರುತಿಸುವ ನೋಟ ಮಾತ್ರ ಕುಸಿಯುತ್ತದೆ. ಹರ್ಷಲ್ ಲೈಬೊವಿಟ್ಸ್ ಮತ್ತು ಓವನ್ಸ್ 1977ರಲ್ಲೇ ಇದನ್ನು ಹೇಳಿದ್ದರು. ಗಾಡಿ ಗೆರೆಯ ನಡುವೆ ನೀಟಾಗಿ ಓಡುತ್ತಿರುವುದರಿಂದ ಎಲ್ಲವೂ ಕಾಣುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಡಿಮ್ ಲೈಟು ಕತ್ತಲೆಯ ವಸ್ತುವನ್ನು ತೋರಿಸುವುದು ಹೆಚ್ಚೆಂದರೆ 40-50 ಮೀಟರ್. 60ರಲ್ಲಿ ನಿಲ್ಲಲು 80 ಮೀಟರ್ ಬೇಕು. ಆನೆ ಓಡಾಡುವ ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗದಲ್ಲಿ ಡಿಮ್ ಹಾಕಿದ ಹೊತ್ತು 40 ದಾಟಬಾರದು ಅನ್ನುವುದಕ್ಕೆ ಲೆಕ್ಕ ಇಷ್ಟೇ.

### ತಲೆಯ ಒಳಗೆ

ಮಿದುಳಿನ ಯಾವ ಭಾಗ ಈ ಕೆಲಸ ಮಾಡುತ್ತದೆ? ಅದು ಹಾಳಾದರೆ?

ಹಿಂದಲೆಯಲ್ಲಿರುವ ಮೊದಲ ದೃಷ್ಟಿಪ್ರದೇಶದ ಒಂದೊಂದು ಕೋಶವೂ ದೃಶ್ಯದ ಸಣ್ಣ ತುಣುಕನ್ನಷ್ಟೇ ನೋಡುತ್ತದೆ. ಅಷ್ಟು ಸಣ್ಣ ಕಿಂಡಿಯಿಂದ ಒಂದು ಗೆರೆ ನಿಜಕ್ಕೂ ಎತ್ತ ಹೋಯಿತು ಎಂದು ಹೇಳಲಾಗದು. ಈ ತುಣುಕುಗಳನ್ನು ಜೋಡಿಸಿ ಚಲನೆಯ ದಿಕ್ಕು ಹೇಳುವುದು ಎಂಟಿ ಎಂಬ ಪ್ರದೇಶ. ಅದರ ಪಕ್ಕದ ಎಂಎಸ್‌ಟಿಯ ಕೋಶಗಳು ನೋಟದ ದೊಡ್ಡ ಭಾಗವನ್ನು ಒಟ್ಟಿಗೆ ನೋಡುತ್ತವೆ. ಕೆಲವು ಹಿಗ್ಗುವ ಹರಿವಿಗೆ, ಕೆಲವು ಕುಗ್ಗುವುದಕ್ಕೆ, ಕೆಲವು ಸುತ್ತುವುದಕ್ಕೆ ಸ್ಪಂದಿಸುತ್ತವೆ ಎಂದು 1980ರ ದಶಕದಲ್ಲಿ ಜಪಾನಿನ ತನಕಾ, ಸೈಟೊ, 1991ರಲ್ಲಿ ಅಮೆರಿಕದ ಡಫಿ, ವುರ್ಟ್ಸ್ ಕೋತಿಗಳಲ್ಲಿ ತೋರಿಸಿದರು. ಬರೀ ಸ್ಪಂದನ ಸಾಲದು, ಅದು ಕೆಲಸಕ್ಕೆ ಬರುತ್ತದೆಯೇ ಎಂದು ಕೇಳಬಹುದು. 1998ರಲ್ಲಿ ಕೆನೆತ್ ಬ್ರಿಟನ್ ಮತ್ತು ವಾನ್ ವೆಜೆಲ್ ಎಂಬ ಸಂಶೋಧಕರು ಕೋತಿಯ ಎಂಎಸ್‌ಟಿಗೆ ಸಣ್ಣ ವಿದ್ಯುತ್ ಕೊಟ್ಟಾಗ ತಾನು ಹೋಗುತ್ತಿರುವ ದಿಕ್ಕಿನ ಬಗ್ಗೆ ಕೋತಿಯ ತೀರ್ಮಾನವೇ ವಾಲಿತು. ಕಿವಿಯ ಸಮತೋಲನದ ಸುದ್ದಿಯೂ ಇದೇ ಕೋಶಗಳಿಗೆ ಬಂದು ಸೇರುತ್ತದೆ. ಆಂಗೆಲಾಕಿ, ಡಿಆಂಜೆಲಿಸ್ ಅವರ ತಂಡ 2008ರಲ್ಲಿ ತೋರಿಸಿದಂತೆ, ಎರಡೂ ಕೂಡಿದಾಗ ತೀರ್ಪು ಒಂದೊಂದರದ್ದಕ್ಕಿಂತ ನಿಖರ.

ಹಾಳಾದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ 1983ರಲ್ಲಿ ಜರ್ಮನಿಯ ಜೋಸೆಫ್ ಜೀಲ್ ಮತ್ತು ಸಂಗಡಿಗರು ವರದಿ ಮಾಡಿದ ಮಹಿಳೆ. ಮಿದುಳಿನ ಎರಡೂ ಬದಿಗೆ ಹಾನಿಯಾಗಿ ಚಲನೆ ಕಾಣುವುದು ಮಾತ್ರ ಹೋಗಿತ್ತು. ಬಣ್ಣ, ಆಕಾರ, ಓದು ಸರಿಯಿದ್ದವು. ಲೋಟಕ್ಕೆ ಕಾಫಿ ಸುರಿದರೆ ಧಾರೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು, ಮಟ್ಟ ಏರುವುದು ಕಾಣದೆ ತುಂಬಿ ಚೆಲ್ಲುತ್ತಿತ್ತು. ರಸ್ತೆಯಲ್ಲಿ ದೂರವಿದ್ದ ಕಾರು ಮರುಕ್ಷಣ ಪಕ್ಕದಲ್ಲಿರುತ್ತಿತ್ತು.

ತಲೆ ತಿರುಗಿಸಿ ತೋಟದ ಗೇಟು ನೋಡಿದರೂ ಗಾಡಿ ಎತ್ತ ಹೋಗ್ತಿದೆ ಅಂತ ಗೊತ್ತಿರುತ್ತಲ್ಲ. ಹರಿವು ಕಲಸಿಹೋಗಲ್ವಾ?

ಕಲಸಿಹೋಗುತ್ತದೆ. ಕಣ್ಣು ತಿರುಗಿದ್ದರಿಂದ ಆಗುವ ಹರಿವು ಮುಂದೆ ಸಾಗಿದ್ದರಿಂದ ಆಗುವುದಕ್ಕೆ ಸೇರಿ, ಅಲುಗದ ಬಿಂದು ಬೇರೆಡೆಗೆ ಜಾರುತ್ತದೆ. ಬಿಡಿಸಲು ಎರಡು ದಾರಿಗಳಿವೆ. ಒಂದು, ಹರಿವಿನೊಳಗೇ ಸುಳಿವಿದೆ. ತಿರುಗಿದ್ದರಿಂದ ಆದ ಚಲನೆ ಹತ್ತಿರದ್ದಕ್ಕೂ ದೂರದ್ದಕ್ಕೂ ಒಂದೇ ಸಮ, ಸಾಗಿದ್ದರಿಂದ ಆದದ್ದು ಮಾತ್ರ ದೂರಕ್ಕೆ ತಕ್ಕಂತೆ ಬೇರೆ. ಹತ್ತಿರದ ಕಾಫಿಗಿಡದ ಚಲನೆಯಿಂದ ಅದರ ಹಿಂದಿನ ಮರದ್ದನ್ನು ಕಳೆದರೆ ತಿರುಗಿದ ಪಾಲು ಹೊರಟುಹೋಗುತ್ತದೆ. 1980ರಲ್ಲಿ ಲಾಂಗ್ವೆಟ್ ಹಿಗ್ಗಿನ್ಸ್ ಮತ್ತು ಪ್ರಾಜ್ಡ್ನಿ ಈ ಗಣಿತ ಬರೆದರು. ಎರಡು, ಕಣ್ಣಿಗೆ ತಿರುಗು ಎಂದು ಕಳಿಸಿದ ಆಜ್ಞೆಯ ಪ್ರತಿ ಮಿದುಳಿನಲ್ಲೇ ಇರುತ್ತದೆ. ಕಣ್ಣು ನಿಜಕ್ಕೂ ಬೇಗ ತಿರುಗುತ್ತಿದ್ದರೆ ಈ ಪ್ರತಿ ಇಲ್ಲದೆ ಕೆಲಸ ಸಾಗದು ಎಂದು ರಾಯ್ಡನ್, ಬ್ಯಾಂಕ್ಸ್, ಕ್ರೊವೆಲ್ 1992ರಲ್ಲಿ ತೋರಿಸಿದರು.

ಎದುರಿಗೆ ಗುಡಿ ಕಾಣ್ತಿದ್ದರೆ ಅದರ ಕಡೆ ಮುಖ ಮಾಡಿ ನಡೆದರಾಯ್ತು. ಹರಿವು ಯಾಕೆ ಬೇಕು?

ಒಳ್ಳೆಯ ತಕರಾರು, ವಿಜ್ಞಾನಿಗಳೂ ಇದನ್ನೇ ಎತ್ತಿದ್ದರು. 1998ರಲ್ಲಿ ಸೈಮನ್ ರಷ್ಟನ್ ಮತ್ತು ಜೊತೆಗಾರರು ದೃಶ್ಯವನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಕನ್ನಡಕ ಹಾಕಿಸಿ ನಡೆಸಿದಾಗ ಜನ ಬಾಗಿದ ದಾರಿಯಲ್ಲಿ ಹೋದರು. ಹರಿವನ್ನು ನಂಬಿದ್ದರೆ ನೇರ ಹೋಗಬೇಕಿತ್ತು. ಅಂದರೆ ಗುರಿಯ ಕಡೆ ಮುಖ ಮಾಡಿ ನಡೆಯುವುದಷ್ಟೇ ನಡೆದಿತ್ತು. 2001ರಲ್ಲಿ ವಾರನ್ ತಂಡ ಕಂಪ್ಯೂಟರ್ ಸೃಷ್ಟಿಸಿದ ಲೋಕದಲ್ಲಿ ಅದನ್ನೇ ಮಾಡಿತು. ಗುರಿಯೊಂದೇ ಇದ್ದಾಗ ದಾರಿ ಬಾಗಿತು, ನೆಲ, ಗೋಡೆ, ಕಂಬ ಸೇರಿಸುತ್ತಾ ಹೋದಂತೆ ನೇರವಾಯಿತು. ಮಿದುಳು ಎರಡನ್ನೂ ಇಟ್ಟುಕೊಂಡು, ಹರಿವು ದಟ್ಟವಾಗಿ ಸಿಕ್ಕಲ್ಲಿ ಅದಕ್ಕೆ ಹೆಚ್ಚು ಬೆಲೆ ಕೊಡುತ್ತದೆ.

ತುಡುವೆ ಜೇನು ಇಷ್ಟು ದೂರ ಹೋಗಿ ಅದೇ ಪೆಟ್ಟಿಗೆಗೆ ಬರುತ್ತಲ್ಲ, ದೂರ ಅಳೆಯೋದು ಹೇಗೆ?

ಜೇನುಹುಳ ಅಳೆಯುವುದು ಮೀಟರನ್ನಲ್ಲ, ದಾರಿಯುದ್ದಕ್ಕೂ ಕಣ್ಣ ಮುಂದೆ ಹರಿದ ದೃಶ್ಯವನ್ನು. ಇದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಬೆಂಗಳೂರಿನಲ್ಲಿ ಓದಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಎಂ.ವಿ. ಶ್ರೀನಿವಾಸನ್. ಅವರ ತಂಡ 2000ದಲ್ಲಿ ಯುರೋಪಿನ ಜಾತಿಯ ಜೇನನ್ನು 6 ಮೀಟರಿನ, ಒಳಗೆ ಚಿತ್ತಾರವಿದ್ದ ಕಿರಿದಾದ ಸುರಂಗದಲ್ಲಿ ಹಾರಿಸಿತು. ಮೇವು ಎಷ್ಟು ದೂರವೆಂದು ಜೇನು ಗೂಡಿನವರಿಗೆ ಕುಣಿತದಲ್ಲೇ ತಿಳಿಸುತ್ತದೆ. ಗೂಡಿಗೆ ಬಂದ ಹುಳ ಕುಣಿದು ಹೇಳಿದ್ದು ಅದರ ಸುಮಾರು 30 ಪಟ್ಟು ದೂರವನ್ನು. ಗೋಡೆ ಹತ್ತಿರವಿದ್ದು ಹರಿವು ಜಾಸ್ತಿಯಾದ್ದರಿಂದ ಅದಕ್ಕೆ ಅಷ್ಟು ದೂರ ಹಾರಿದಂತೆ ಆಗಿತ್ತು. ನೀರಿನ ಮೇಲೆ ಹಾರಿದರೆ ಉಲ್ಟಾ, ಹರಿವು ಸಿಗದೆ ದೂರ ಕಡಿಮೆ ಎಣಿಸುತ್ತದೆ. ಇಳಿಯುವಾಗಲೂ ನೆಲದ ಹರಿವನ್ನು ಒಂದೇ ಸಮ ಇಟ್ಟುಕೊಳ್ಳುತ್ತದೆ. ಎತ್ತರ ತಗ್ಗಿದಷ್ಟೂ ವೇಗ ತಾನಾಗಿ ತಗ್ಗಿ, ಹೂವು ಮುಟ್ಟುವ ಹೊತ್ತಿಗೆ ಸೊನ್ನೆಯಾಗುತ್ತದೆ.

ಅಪ್ಪಯ್ಯ ಹುಟ್ಟಿದಾಗಿಂದ ಓಡಾಡಿದ ತೋಟದಲ್ಲೇ ಈಗ ದಾರಿ ತಪ್ಪುತ್ತಾರೆ. ಕಣ್ಣು ಪರೀಕ್ಷೆ ಸರಿ ಇದೆ.

ಅಕ್ಷರ ಓದಿಸುವ ಪರೀಕ್ಷೆಯಲ್ಲಿ ಹರಿವು ಓದುವ ಶಕ್ತಿ ಗೊತ್ತಾಗುವುದಿಲ್ಲ. ಚಾರ್ಲ್ಸ್ ಡಫಿ ಮತ್ತು ಟೆಟೆವ್‌ಸ್ಕಿ 1999ರಲ್ಲಿ, ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಇರುವ ಹಲವರಲ್ಲಿ ಹಿಗ್ಗುವ ಹರಿವನ್ನು ಗುರುತಿಸುವ ಶಕ್ತಿ ಕುಂದಿರುತ್ತದೆ, ಅದಕ್ಕೂ ದಾರಿ ತಪ್ಪುವುದಕ್ಕೂ ನಂಟಿದೆ ಎಂದು ಕಂಡರು. ಸ್ಥಳದ ನೆನಪಿನ ಕೋಶಗಳೂ ಇದರಲ್ಲಿ ಪಾಲುದಾರರು. ಅವನ್ನು ಕಂಡುಹಿಡಿದ ಜಾನ್ ಓಕೀಫ್, ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅವರಿಗೆ 2014ರಲ್ಲಿ ನೊಬೆಲ್ ಬಂತು. ಸಾಗಿದ ದೂರ, ದಿಕ್ಕನ್ನು ಕೂಡಿಸುತ್ತಾ ಹೋಗುವ ಈ ಲೆಕ್ಕದಲ್ಲಿ ತಪ್ಪು ಬೆಳೆಯುತ್ತಲೇ ಇರುತ್ತದೆ, ಒಂದು ಗುರುತು ಕಂಡಾಗ ಸರಿಹೋಗುತ್ತದೆ. ಕಾಫಿ ತೋಟದ ಸಾಲುಗಳೆಲ್ಲ ಒಂದೇ ತರ ಇರುವುದರಿಂದ ಗುರುತು ಸಿಗುವುದು ಕಷ್ಟ.

ಪರಿಚಿತ ಜಾಗದಲ್ಲಿ ದಾರಿ ತಪ್ಪುವುದನ್ನು ವಯಸ್ಸಾಯಿತು ಎಂದು ತಳ್ಳಿಹಾಕಬೇಡಿ, ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಕವಲು ಬರುವ ಕಡೆಯೆಲ್ಲ ಗಾಢ ಬಣ್ಣದ, ಒಂದಕ್ಕಿಂತ ಒಂದು ಬೇರೆಯಾದ ಗುರುತು ಹಾಕಿ. ಮನೆಗೆ ಬರುವ ದಿಕ್ಕಿನಿಂದ ಕಾಣುವಂತೆ ಹಾಕುವುದು ಮುಖ್ಯ.

ಹೇಮಾವತಿ ಹಿನ್ನೀರಿನ ಮೇಲೆ ಡ್ರೋನ್ ಕೆಳಗಿಳಿಸಿದರೆ ಸುಮ್ಮನೆ ಜಾರಿಹೋಗುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಅದೇ ತತ್ವ. ಅನೇಕ ಡ್ರೋನ್‌ಗಳ ಹೊಟ್ಟೆಯಲ್ಲಿ ಕೆಳಗೆ ನೋಡುವ ಸಣ್ಣ ಕ್ಯಾಮೆರಾ ಇರುತ್ತದೆ. ನೆಲದ ಹರಿವನ್ನು ಎತ್ತರದಿಂದ ಗುಣಿಸಿ ತಾನೆಷ್ಟು ಜಾರಿದೆ ಎಂದು ಲೆಕ್ಕ ಹಾಕಿ ನಿಲ್ಲುತ್ತದೆ. ಶೆಟ್ಟಿಹಳ್ಳಿ ಚರ್ಚಿನ ಬಳಿ ನೀರಿನ ಮೇಲೆ ಇಳಿಸಿದಾಗ ಅದಕ್ಕೆ ಕಾಣುವುದು ಓಡುವ ಅಲೆ, ಮೋಡದ ಬಿಂಬ. ಅಲೆ ಪೂರ್ವಕ್ಕೆ ಹೋದರೆ ತಾನು ಪಶ್ಚಿಮಕ್ಕೆ ಜಾರಿದೆ ಎಂದುಕೊಂಡು ಅಲೆಯ ಹಿಂದೆಯೇ ಹೊರಡುತ್ತದೆ. ಜಿಪಿಎಸ್ ಪೂರ್ತಿ ಸಿಕ್ಕ ಮೇಲೆಯೇ ಹಾರಿಸಿ, ನೀರಿನ ಮೇಲೆ ಕೆಲವು ಮೀಟರಿಗಿಂತ ಕೆಳಗಿಳಿಸಬೇಡಿ. ನುಣ್ಣನೆಯ ಸಿಮೆಂಟಿನ ಕಾಫಿ ಕಣವೂ, ಮಳೆ ಬಂದು ಹೊಳೆಯುತ್ತಿದ್ದರಂತೂ, ಅದರ ಪಾಲಿಗೆ ನೀರಿನಷ್ಟೇ ಕೆಟ್ಟದ್ದು. ಇಳಿಸಲು ಒಂದು ಚೌಕುಳಿ ಜಮಖಾನ ಹಾಸಿಕೊಳ್ಳಿ, ನಾಲ್ಕು ಮೂಲೆಗೂ ಕಲ್ಲಿಡಿ. ಗಾಳಿಗೆ ಜಮಖಾನ ಪಟಪಟಿಸಿದರೂ ಡ್ರೋನು ಅದನ್ನೇ ತನ್ನ ಚಲನೆ ಅಂದುಕೊಳ್ಳುತ್ತದೆ.